ಐದು ಸಾವಿರದ ನಲವತ್ತೊಂದು ಕೆಂಪು ಬಾಳೆ

ಕಮಲಾಪುರದ ಸೂಗಮ್ಮನನ್ನು ಮೊದಲು ಕಂಡಾಗ, ಹಣ್ಣಿನ ವ್ಯಾಪಾರಿಯಾದ ನಾನು ಸರಕು ನೋಡುವಂತೆಯೇ ನೋಡಿದೆ: ಕೈ ಗಟ್ಟಿ, ಮಾತು ಕಡಿಮೆ, ಕಣ್ಣು ಮಾತ್ರ ಊರಲ್ಲಿಲ್ಲ. ಗಂಡ ತೀರಿಹೋದ ಮೇಲೆ ಕೆಂಪು ಬಾಳೆಯ ತೋಟ ಆಕೆಯದೇ. ಮಧ್ಯಾಹ್ನ ಎಲೆಗಳ ಹಸಿರು ಬೆಳಕಿನಲ್ಲಿ ಅರೆಗಣ್ಣು ಮುಚ್ಚಿ ಕೂತು, ಸಂಖ್ಯೆಗಳನ್ನು ಸಾಲುಸಾಲಾಗಿ ನಿಲ್ಲಿಸಿ ನೋಡುತ್ತಿದ್ದಳು.

“ಐದು ಸಾವಿರದ ನಲವತ್ತು ಭಾಳ ಒಳ್ಳೇದು ಸಾವ್ಕಾರ್ರೇ. ಎರಡರಿಂದ ಹತ್ತರ ತನಕ ಎಷ್ಟು ಸಾಲು ಮಾಡಿದ್ರೂ ಒಂದೂ ಉಳಿಯಂಗಿಲ್ಲ. ಎಪ್ಪತ್ತೊಂದು ಹಠಮಾರಿ. ಯಾವ ಸಾಲಿಗೂ ಬಗ್ಗಂಗಿಲ್ಲ.”

“ನನ್ನ ಹೆಂಡ್ತಿ ಹಂಗ,” ಎಂದೆ. ಸೂಗಮ್ಮ ನಗಲಿಲ್ಲ. ನಗುವುದಕ್ಕೆ ಆಕೆಯ ಮನಸ್ಸು ಇಲ್ಲಿ ಇದ್ದರಲ್ಲವೆ!

ಆ ವರ್ಷ ಕಲಬುರಗಿಯ ಕೋಟೆ ಹತ್ತಿರದ ದೇವೀಂದ್ರಪ್ಪನವರ ಮಗಳ ಮದುವೆ. ನೆಂಟರ ಎಪ್ಪತ್ತು ಮನೆಗೆ ಎಪ್ಪತ್ತು ಬುಟ್ಟಿ, ಬುಟ್ಟಿಗೆ ಎಪ್ಪತ್ತೆರಡು ಹಣ್ಣು ಎಂದು ಮಾತಾಯಿತು. ವಿಧವೆಯ ತೋಟದ ಹಣ್ಣು ಯಾಕೆಂದು ಗೊಣಗಿದವರಿದ್ದರು. ನಾನು ಮುಂದೆ ನಿಂತು ಒಪ್ಪಿಸಿದೆ. ಬಂಡಿ ಹೊರಡುವಾಗ, ಮದುವೆಯ ಮುಯ್ಯಿಗೆ ನೂರರ ಮೇಲೊಂದು ರೂಪಾಯಿ ಇಡುವ ನಮ್ಮ ರೂಢಿಯಂತೆ, ಸೊನ್ನೆಗೆ ಮುಗಿಯುವ ಲೆಕ್ಕ ಶುಭವಲ್ಲವೆಂದು ಒಂದು ಹಣ್ಣು ಮೇಲಿಟ್ಟೆ. ಜೊತೆಗೆ ಬಂದ ಸೂಗಮ್ಮನಿಗೂ ಹೇಳಲಿಲ್ಲ.

ಎಪ್ಪತ್ತು ಬುಟ್ಟಿ ಇಳಿದವು. ಖಾಲಿ ಬಂಡಿಯಲ್ಲಿ ಒಂದೇ ಹಣ್ಣು.

“ಮದುವಿ ಮನಿಗೆ ಒಂಟಿ ಹಣ್ಣು ತಂದಾಳಲ್ರೀ!” ಎಂದರು ದೇವೀಂದ್ರಪ್ಪ. “ನನ್ನ ಮಗಳೂ ತನ್ನಂಗ ಒಂಟಿ ಆಗ್ಲಿ ಅಂತೇನು?”

“ನಾ ತಿಂದ್‌ಬಿಡ್ತೀನ್ರೀ,” ಎಂದೆ.

“ಮದುವಿಗೆ ಮೀಸಲಿಟ್ಟ ಫಲ ತಿಂತೀರೇನು? ಎಲ್ಲಾ ತಿರುಗಿ ಒಯ್ರಿ.”

ಬಂಡಿ ತಿರುಗಿದರೆ ಸೂಗಮ್ಮನ ಹಣ್ಣು ಮತ್ತೆಂದೂ ಮದುವೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಇಟ್ಟವನು ನಾನು ಎನ್ನಲು ಬಾಯಿ ಬರಲಿಲ್ಲ, ರುಮಾಲು ಸರಿಮಾಡಿಕೊಂಡೆ.

ಸೂಗಮ್ಮ ಚಕ್ರಕ್ಕೊರಗಿ ಕಣ್ಣು ಮುಚ್ಚಿದಳು. ಕಣ್ಣೊಳಗಿನ ಬೆಳಗಿನ ಮಂಜಿನಲ್ಲಿ ಬುಟ್ಟಿಬುಟ್ಟಿಯಿಂದ ಒಂದೊಂದು ಹಣ್ಣು ಎದ್ದು ನಡೆದು ಬಂದು, ಒಂಟಿ ಹಣ್ಣಿನ ಪಕ್ಕ ನಿಂತವಂತೆ, ಆಮೇಲೆ ಹೇಳಿದಳು. ಕಣ್ಣು ತೆರೆದಾಗ ಮುಖ ತೊಳೆದಂತಿತ್ತು.

“ಬುಟ್ಟಿಗೊಂದು ತೆಗೀರಿ,” ಎಂದು ನನಗಷ್ಟೇ ಕೇಳುವಂತೆ ಅಂದಳು. “ಎಪ್ಪತ್ತಾದವು. ಒಂಟೀದು ಸೇರಿ ಎಪ್ಪತ್ತೊಂದು. ಬುಟ್ಟಿಯೊಳಗೂ ಎಪ್ಪತ್ತೊಂದೇ ಉಳೀತಾವ. ಎಪ್ಪತ್ತೊಂದು ಬುಟ್ಟಿಗೆ ಎಪ್ಪತ್ತೊಂದು ಹಣ್ಣು. ಇಷ್ಟು ಹಣ್ಣಿಗೆ ಬ್ಯಾರೆ ಸಾಲೇ ಇಲ್ರೀ. ಎಪ್ಪತ್ತೊಂದನೇ ಬುಟ್ಟಿ ಯಾವ ಮನೀದು, ಯಾವ ಮನಿ ಮರತಾರ, ಕೇಳ್ರಿ.”

ಅದನ್ನೇ ನಾನು ದೊಡ್ಡ ದನಿಯಲ್ಲಿ ಕೇಳಿದೆ. ದೇವೀಂದ್ರಪ್ಪ ಮನೆಗಳ ಪಟ್ಟಿಯ ಮೇಲೆ ಬೆರಳಾಡಿಸಿದರು. ಕುಸನೂರಿನಲ್ಲಿ ಅವರ ಒಡಹುಟ್ಟಿದ ಅಕ್ಕ ಅಂಬಮ್ಮ ಇದ್ದರು. ವಿಧವೆ ಎಂದು ಪಟ್ಟಿಯಲ್ಲಿ ಬರೆಸಿರಲಿಲ್ಲ.

“ಅಕ್ಕನ ಮನಿಗೆ ಮೊದಲನೇ ಬುಟ್ಟಿ ಹೋಗ್ಲಿ,” ಎಂದರು ಕೊನೆಗೆ. ನನ್ನ ಕಡೆ ತಿರುಗಿ, “ಏನ್ ತಲಿರೀ ಸಾವ್ಕಾರ್ರೇ ನಿಮ್ದು!”

ನಾನು ಮೀಸೆ ತಿರುವಿಕೊಂಡೆ. ಸೂಗಮ್ಮ ಆಗಲೇ ಖಾಲಿ ಬಂಡಿಯಲ್ಲಿ ಕೂತು ಆಕಾಶ ನೋಡುತ್ತಿದ್ದಳು.

ಒಂಟಿ ಹಣ್ಣು ಇಟ್ಟವನು ನಾನು, ದಾರಿ ಕಂಡವಳು ಆಕೆ. ಈ ಎರಡು ಮಾತನ್ನು ದೇವೀಂದ್ರಪ್ಪನವರ ಎದುರು ಹೇಳುವುದು ಸೂಗಮ್ಮನಿಗೆ ನಾನು ತೀರಿಸಬೇಕಾದ ಋಣ.