ಮುಳುಗಿದರೆ ಮಾತ್ರ ದುಡ್ಡು

ಪುಣೆಯ ಶಿವಾಜಿನಗರ ಕೋರ್ಟಿನ ಹೊರಗೆ ಕೂತು ಮೂವತ್ತು ವರ್ಷ ಮಂದಿಯ ಅಫಿಡವಿಟ್ ಟೈಪು ಮಾಡಿದವರು ಬೆಳಗಾವಿ ಕಡೆಯ ಹೊಳಬಸಪ್ಪ. ಓದದೆ ಸಹಿ ಹಾಕಿ ಮನೆ ಕಳೆದುಕೊಂಡವರನ್ನು ಕಣ್ಣಾರೆ ಕಂಡವರು. ಹಾಗಾಗಿ ಕಾರಿನ ವಿಮೆ ನವೀಕರಿಸಲು ಮನೆಗೆ ಬಂದ ಏಜೆಂಟ್ ಓಂಕಾರ್ ಪೆನ್ನಿನ ಮುಚ್ಚಳ ತೆಗೆದು ಕೈಗಿಟ್ಟರೂ, ಅವರು ಕನ್ನಡಕ ಒರೆಸಿಕೊಂಡು ಸಣ್ಣಕ್ಷರ ಓದತೊಡಗಿದರು.

"ಓದೂದೇನದ ಕಾಕಾ? ನಾನೂ ಬೆಳಗಾವಿಯಾಂವ. ಎಂಜಿನ್ನಿಗೆ ಬ್ಯಾರೆ ಕವರ್ ತಗೋರಿ, ಮೂರು ಸಾವಿರದ ನೂರು. ನಿಮ್ಮ ಪಾರ್ಕಿಂಗ್ ನೆಲದ ಕೆಳಗದ, ನದಿ ಬಾಜೂಕ ಅದ."

ಮಾತು ಸುಳ್ಳಲ್ಲ. ಅಣೆಕಟ್ಟಿನ ಬಾಗಿಲು ತೆರೆದರೆ ನೀರು ಸೀದಾ ಪಾರ್ಕಿಂಗಿಗೇ. ಅಲ್ಲಿ ಒಂದರ ಹಿಂದೊಂದು ನಿಲ್ಲುವ ಏಳು ಕಾರುಗಳ ಕೀಲಿಯೂ ವಾಚ್‌ಮನ್ ಅಪ್ಪಾಸಾಹೇಬನ ಬಳಿ. ಹೋದ ಸಲ ಮೊಣಕಾಲುದ್ದ ನೀರಿನಲ್ಲಿ ಏಳನ್ನೂ ಚಾಲೂ ಮಾಡಿ ಮೇಲೆ ತಂದವನು ಅವನೇ. ಹೊಳಬಸಪ್ಪನವರಿಗೆ ಆ ಹಳೆಯ ಕಾರು ಶೋಕಿಯಲ್ಲ. ಹೆಂಡತಿ ಬಸವಣ್ಣೆವ್ವನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಒಯ್ಯುವುದು ಅದರಲ್ಲೇ. ಆಕೆ ವಾಂತಿ ಮಾಡಿಕೊಂಡಳೆಂದು ರಿಕ್ಷಾದವನೊಬ್ಬ ಅರ್ಧ ದಾರಿಯಲ್ಲಿ ಇಳಿಸಿ ಹೋದ ದಿನವನ್ನು ಅವರು ಮರೆತಿರಲಿಲ್ಲ.

ನಾಲ್ಕನೇ ಪುಟದಲ್ಲಿ ಬೆರಳು ನಿಂತಿತು. ನೀರು ಹೊಕ್ಕ ಮೇಲೆ ಗಾಡಿ ಚಾಲೂ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ಕವರ್ ಇದ್ದರೂ ಪರಿಹಾರವಿಲ್ಲ.

"ಅಂದ್ರ, ಅಪ್ಪಾಸಾಹೇಬ ಗಾಡಿ ಉಳಸಾಕ ಹೋದ್ರ ನೀವು ದುಡ್ಡು ಕೊಡಂಗಿಲ್ಲ?"

"ಮುಟ್ಟಬಾರದ್ರಿ. ಇದ್ದಲ್ಲೇ ಬಿಡಬೇಕು."

"ಮುಳುಗೂದು ನೋಡ್ಕೋತ ನಿಂದರಬೇಕು?"

ಓಂಕಾರ್ ನಕ್ಕ. "ಭಾಳ ವಿಚಾರ ಮಾಡ್ತೀರಿ ಕಾಕಾ. ಚಾಲೂ ಮಾಡಿದ್ರೂ ಮಾಡಿಲ್ಲಂತ ಬರದು ಕೊಟ್ರಾತು. ಯಾರು ನೋಡ್ತಾರ?"

"ಮೂವತ್ತು ವರ್ಷ 'ಮೇಲಿನದೆಲ್ಲ ಸತ್ಯ' ಅಂತ ಟೈಪ್ ಮಾಡೀನಿ! ಈಗ ನಾನ ಸುಳ್ಳು ಬರೀಲೇನು? ಅದಕ್ಕ ಮೂರು ಸಾವಿರ ಮುಂಗಡ ಬ್ಯಾರೆ?"

ಒಳಗಿನಿಂದ ಬಸವಣ್ಣೆವ್ವನ ದನಿ ಬಂತು. "ಏನ್ರಿ, ನಿಮ್ಮ ಬಿಪಿಗೂ ಕವರ್ ಅದನೇನು ಕೇಳ್ರಿ ಅವಗ."

ಹೊಳಬಸಪ್ಪ ನಗಲಿಲ್ಲ. ಉಳಿಸಲು ಹೋದವನಿಗೆ ದಂಡ, ಕೈಕಟ್ಟಿ ನಿಂತವನಿಗೆ ಹಣ. ಇಂಥ ಕಾಗದ ಬರೆದವರು ಯಾವ ಎತ್ತರದ ಮಹಡಿಯಲ್ಲಿ ವಾಸವಾಗಿದ್ದಾರೋ! ಎಂಜಿನ್ ಕವರಿನ ಸಾಲಿಗೆ ಅಡ್ಡಗೆರೆ ಎಳೆದು, ಉಳಿದದ್ದಕ್ಕೆ ಸಹಿ ಹಾಕಿ, ದಡದಡನೆ ಪಾರ್ಕಿಂಗಿಗೆ ಇಳಿದರು.

"ಅಪ್ಪಾಸಾಹೇಬಾ, ಈ ಮಳಿಗಾಲ ನೀರು ಬರೂದ್ರೊಳಗ ನನ್ನ ಗಾಡಿ ಎಲ್ಲಾಕಿಂತ ಮೊದಲ ಮ್ಯಾಲ ತರಬೇಕು. ಮನಿಯಾಕಿ ಸಲುವಾಗಿ ಹೇಳಾಕತ್ತೀನಿ."

ಗಡಿಯ ಜತ್ತದ ಕಡೆಯ, ಕನ್ನಡ ಬಲ್ಲ ಅಪ್ಪಾಸಾಹೇಬ ತಲೆ ಕೆರೆದುಕೊಂಡ. "ತರ್ತೀನ್ರಿ ಸಾಹೇಬ್ರ. ಆದ್ರ ಉಳಿದ ಆರೂ ಮನ್ಯಾವ್ರು ಇದನ್ನ ಹೇಳಿ ಹೋಗ್ಯಾರ."

ಹೊಳಬಸಪ್ಪ ತಮ್ಮ ಕಾರಿನತ್ತ ನೋಡಿದರು. ಎಲ್ಲಕ್ಕಿಂತ ಒಳಗೆ, ಆರು ಕಾರುಗಳ ಹಿಂದೆ, ಗೋಡೆಗೆ ಮೂತಿ ಹಚ್ಚಿ ನಿಂತಿತ್ತು.

"ಕೀಲಿ ತಗೀ," ಅಂದರು ಅಂಗಿಯ ತೋಳು ಮಡಚುತ್ತ. "ಆರೂ ಸರಸೂಣು ನಡಿ. ಇವತ್ತಿನಿಂದ ನಂದು ರಸ್ತಾದ ಮ್ಯಾಲ ನಿಂದರ್ಲಿ."