ಕೂಗುವ ಕಾರನ್ನು ತಳ್ಳುವ ಮೆತ್ವಲ್ಲಿ

ಶುಬ್ರಾ ಬಡಾವಣೆಯ ಈ ಗಲ್ಲಿಯಲ್ಲಿ ಬೆಳಕು ಇನ್ನೂ ಮೇಲಿನ ಬಾಲ್ಕನಿಗಳನ್ನು ಬಿಟ್ಟು ಇಳಿದಿಲ್ಲ. ಕೆಳಗೆ ಬೆಳ್ಳಿ ಬಣ್ಣದ ಕಾರೊಂದರ ಮುಂದೆ ಮೆತ್ವಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಕಾರಿನ ಬಾನೆಟ್ ಮೇಲೆ ಬೆಕ್ಕು ಮಲಗಿದೆ. ಯಾವಾಗ ಏರಿತೋ, ಕಾರು ಹೇಗೆ ಸುಮ್ಮನಿತ್ತೋ ತಿಳಿಯದು. ಬೆಕ್ಕನ್ನು ಅಟ್ಟಿದರೆ ಅದು ಹಾರುತ್ತದೆ, ಕಾರಿನ ಅಲಾರಂ ಕೂಗುತ್ತದೆ. ಅವರು ತಮ್ಮ ನಾಷ್ಟಾದ ಬ್ರೆಡ್ಡಿನೊಳಗಿಂದ ಒಂದು ಚೂರು ಚೀಸ್ ತೆಗೆದು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಾರೆ. ಬೆಕ್ಕು ನಿಧಾನವಾಗಿ ಇಳಿಯುತ್ತದೆ. ಕಾರಿನೊಳಗಿನ ಕೆಂಪು ದೀಪ ಮಿನುಗುತ್ತಲೇ ಇದೆ, ಸದ್ದಿಲ್ಲ.

"ಅಲ್ಲಾ ದೊಡ್ಡವನು," ಎನ್ನುತ್ತಾರೆ ಮೆತ್ವಲ್ಲಿ. "ಬೆಕ್ಕಿಂದೇನೋ ಆಯ್ತು. ಇನ್ನು ನನ್ನ ಸರದಿ."

ಈ ಗಲ್ಲಿಯ ಕಾರುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಹತ್ತು ಹನ್ನೆರಡು ಕಾರು ಹಿಡಿಯುವ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಲ್ಲುತ್ತವೆ. ಗೋಡೆಯ ಪಕ್ಕದ ಸಾಲು ತುಂಬಿದ ಮೇಲೆ ಬಂದವರು ಅದರ ಹೊರಗೆ ಎರಡನೇ ಸಾಲು ಹಚ್ಚುತ್ತಾರೆ. ಹಾಗೆ ನಿಲ್ಲಿಸಿದವರು ಸ್ಟೀರಿಂಗ್ ನೇರವಾಗಿಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಹಾಕದೆ ಹೋಗಬೇಕು. ಒಳಗಿನ ಕಾರು ಹೊರಡುವಾಗ ಮೆತ್ವಲ್ಲಿ ಹೊರಗಿನದನ್ನು ಕೈಯಿಂದ ತಳ್ಳಿ ದಾರಿ ಮಾಡುತ್ತಾರೆ. ಅಂಗೈಗಳು ಒರಟಾಗಿವೆ, ಬಲ ಭುಜ ಎಡಕ್ಕಿಂತ ಒಂದಿಷ್ಟು ಇಳಿದಿದೆ. ಮೆಟ್ಟಿಲ ಕೆಳಗಿನ ಕೋಣೆಯೇ ಮನೆ. ಹೆಂಡತಿ, ಹೆಣ್ಣುಮಕ್ಕಳು ಊರಲ್ಲಿ, ಫಯೂಮ್‌ನಲ್ಲಿದ್ದಾರೆ. ಪರವಾನಗಿ ಇಲ್ಲ. ಗಲ್ಲಿಯ ಜನ ಒಪ್ಪಿರುವವರೆಗೆ ಅವರು ಇಲ್ಲಿರಬಹುದು, ಅಷ್ಟೇ.

ಆ ಒಪ್ಪಿಗೆ ಈಗ ಅಲುಗಾಡುತ್ತಿದೆ. ಚಳಿಗಾಲದಲ್ಲಿ ನಾಲ್ಕನೇ ಮಹಡಿಗೆ ಬಾಡಿಗೆಗೆ ಬಂದ ಇಂಜಿನಿಯರ್ ಹಾಝಿಮ್ ಅವರದು ಈ ಬೆಳ್ಳಿ ಕಾರು. ಮೊದಲ ದಿನ ಅವರು ಹ್ಯಾಂಡ್‌ಬ್ರೇಕ್ ಎಳೆದು ಹೋದರು. ಬೆಳಿಗ್ಗೆ ಗಲ್ಲಿಯವರೆಲ್ಲ ಸೇರಿ ಬೈಯುತ್ತಾ ಕಾರನ್ನು ಎತ್ತಿ ಪಕ್ಕಕ್ಕಿಟ್ಟರು. ಅಂದಿನಿಂದ ಹಾಝಿಮ್ ಕ್ರಮ ತಪ್ಪದೆ ನ್ಯೂಟ್ರಲ್‌ನಲ್ಲಿ ಬಿಡುತ್ತಾರೆ. ಜೊತೆಗೇ ಅಲಾರಂ ಕೂಡ ಹಾಕಿ ಹೋಗುತ್ತಾರೆ. ತಳ್ಳಲೆಂದೇ ಬಿಟ್ಟ ಕಾರು, ಮುಟ್ಟಿದರೆ ಬೀದಿ ಎಬ್ಬಿಸುತ್ತದೆ.

ಗ್ಯಾಸ್ ಸಿಲಿಂಡರ್ ಮಾರುವವನು ಸ್ಪ್ಯಾನರಿನಿಂದ ಸಿಲಿಂಡರಿಗೆ ಹೊಡೆದರೂ ಅದು ಕೂಗುತ್ತದೆ. ಮೆತ್ವಲ್ಲಿ ಗಲ್ಲಿಯ ಬಾಯಿಗೇ ಹೋಗಿ ಅವನನ್ನು ತಡೆಯುತ್ತಾರೆ.

"ಅಣ್ಣಾ, ನಿನ್ನ ಕಾಲು ಹಿಡೀತೀನಿ, ಇಲ್ಲಿ ಬಾಯಲ್ಲೇ ಕೂಗು."

"ಯಾಕೆ ಕಾಕಾ, ಯಾರದಾದ್ರೂ ಹೆರಿಗೆ ಆಗಿದ್ಯಾ?"

"ಆಗಿದ್ರೆ ಮಗು ಒಂದು ಹೊತ್ತಿಗಾದ್ರೂ ಸುಮ್ನಿರ್ತಿತ್ತು. ಹೋಗು ಮಾರಾಯ."

ಇಲೆಕ್ಟ್ರಿಷಿಯನ್ ಹತ್ತಿರ ಹೋಗಿ ಅಲಾರಂ ಸಣ್ಣದಕ್ಕೆಲ್ಲ ಕೂಗದಂತೆ ಮಾಡಿಸಿ ಎಂದು ಮೆತ್ವಲ್ಲಿ ಹಾಝಿಮ್ ಅವರನ್ನು ಕೇಳಿಕೊಂಡದ್ದಿದೆ. "ಕಳ್ಳರಿಗೆ ಅನುಕೂಲ ಆಗ್ಲಿ ಅಂತಾನಾ?" ಎಂಬ ಉತ್ತರ ಬಂತು. ಹಾಗೆನ್ನಲು ಹಾಝಿಮ್ ಅವರಿಗೂ ಕಾರಣವಿದೆ. "ಹಿಂದಿನ ಮನೆ ಹತ್ರ ಎರಡು ಸಲ ಗಾಜು ಒಡೆದ್ರು. ಕಂತು ಇನ್ನೂ ಮುಗಿದಿಲ್ಲ. ರಾತ್ರಿಯೆಲ್ಲ ಕಿವಿ ಬೀದೀಲೇ ಇರತ್ತೆ." ಕಳೆದ ವಾರ ಅವರು ಮೆತ್ವಲ್ಲಿಗೆ ಕೊನೆಯ ಎಚ್ಚರಿಕೆ ಕೊಟ್ಟಿದ್ದಾರೆ: ಇನ್ನೊಮ್ಮೆ ಕೂಗಿದರೆ ಠಾಣೆಯಲ್ಲಿರುವ ಭಾವನಿಗೆ ಒಂದು ಫೋನ್.

ಇದು ಬರಿಯ ಬೆದರಿಕೆಯೆಂದು ಮೆತ್ವಲ್ಲಿ ನಂಬುವುದಿಲ್ಲ. ಪಕ್ಕದ ಗಲ್ಲಿಯಲ್ಲಿ ಇದೇ ಕೆಲಸ ಮಾಡುತ್ತಿದ್ದವನನ್ನು ಯಾರದೋ ದೂರಿನ ಮೇಲೆ ಪೊಲೀಸರು ಕರೆದೊಯ್ದಿದ್ದರು. ಬಿಟ್ಟು ಬಂದ ಮೇಲೆ ಅವನು ಮೆಟ್ರೋ ನಿಲ್ದಾಣದ ಹೊರಗೆ ನಿಂಬೆಹಣ್ಣು ಮಾರುತ್ತಾನೆ. ತನ್ನ ಹಳೆಯ ಗಲ್ಲಿಯತ್ತ ತಲೆ ಹಾಕುವುದಿಲ್ಲ. "ಏನಾಯ್ತು ಅಂತ ಕೇಳ್ದೆ. ನಿಂಬೆ ಬೇಕಾ ಅಂದ. ಅಷ್ಟೇ ಅಂದಿದ್ದು," ಎನ್ನುವಾಗ ಮೆತ್ವಲ್ಲಿ ಕಾರು ಒರೆಸುವ ಹಳದಿ ಬಟ್ಟೆಯನ್ನು ಹಿಂಡುತ್ತಿದ್ದಾರೆ. ಬಟ್ಟೆ ಒಣಗಿದೆ.

ಇಂದು ಸೋಮವಾರ. ನೆಲಮಹಡಿಯ ಹಾಜಿಯಮ್ಮ ಇನ್ಸಾಫ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ತಡವಾದರೆ ಯಂತ್ರ ಇನ್ನೊಬ್ಬರಿಗೆ ಹೋಗುತ್ತದೆ. ಹಿಂದೊಮ್ಮೆ ಹಾಗಾಗಿ, ಮರುದಿನ ಅವರು ಉಸಿರಾಡಲು ಪಟ್ಟ ಪಾಡನ್ನು ಮೆತ್ವಲ್ಲಿ ಕಣ್ಣಾರೆ ಕಂಡಿದ್ದಾರೆ. ಅವರ ಮಗಳು ನಗ್ವಾಳ ಹಳೆಯ ಫಿಯಟ್ ಗೋಡೆಯ ಪಕ್ಕದಲ್ಲಿದೆ. ಅದಕ್ಕೆ ಅಡ್ಡಲಾಗಿ ಬೆಳ್ಳಿ ಕಾರು.

ಮೆತ್ವಲ್ಲಿ ಹಾಝಿಮ್‌ಗೆ ಫೋನ್ ಮಾಡುತ್ತಾರೆ. ಸ್ವಿಚ್ ಆಫ್. ಕರೆಗಂಟೆ ಒತ್ತಿ ಕಾಯುತ್ತಾರೆ. ಯಾರೂ ಇಣುಕುವುದಿಲ್ಲ. ನಗ್ವಾ ತಾಯಿಯನ್ನು ತೋಳು ಹಿಡಿದು ಕರೆತಂದು ಫಿಯಟ್‌ನಲ್ಲಿ ಕೂರಿಸುತ್ತಾಳೆ. ಮುದುಕಿಯ ಪಾದಗಳು ಬಾತು ಚಪ್ಪಲಿಯಿಂದ ಹೊರಚೆಲ್ಲಿವೆ.

"ಟ್ಯಾಕ್ಸಿ ಕರೀಲಾ ಕಾಕಾ?" ನಗ್ವಾ ಕೇಳುತ್ತಾಳೆ. "ನಿನಗೆ ತೊಂದರೆ ಆಗೋದು ಬೇಡ."

"ಅಮ್ಮನ್ನ ಮುಖ್ಯ ರಸ್ತೆವರೆಗೆ ನಡೆಸ್ತೀಯಾ? ಕೂತ್ಕೊ. ಗಾಡಿ ಸ್ಟಾರ್ಟ್ ಮಾಡು."

ಅವರು ಅಂಗಿಗೆ ಕೈ ಒರೆಸಿಕೊಳ್ಳುತ್ತಾರೆ. ಬೆಳ್ಳಿ ಕಾರಿನ ಹಿಂಬದಿಗೆ ಎರಡೂ ಅಂಗೈ ಊರುತ್ತಾರೆ, ಬಿಸಿ ಪಾತ್ರೆ ಮುಟ್ಟುವವರಂತೆ. ತುಟಿ ಏನನ್ನೋ ಪಠಿಸುತ್ತಿದೆ. ಚಕ್ರ ಅರ್ಧ ಸುತ್ತು ತಿರುಗುವಷ್ಟರಲ್ಲಿ ಅಲಾರಂ ಕಿರುಚುತ್ತದೆ. ಗೋಡೆಯಿಂದ ಗೋಡೆಗೆ ಬಡಿದು ಆ ಸದ್ದು ಎದೆಯೊಳಗೇ ಹೊಕ್ಕಂತಾಗುತ್ತದೆ. ಮೆತ್ವಲ್ಲಿಯ ಮುಖದ ಬಣ್ಣ ಇಳಿದಿದೆ. ಕೈ ಮಾತ್ರ ಕಾರನ್ನು ಬಿಟ್ಟಿಲ್ಲ. ತಲೆ ತಗ್ಗಿಸಿ, ಕೂಗುವ ಕಾರನ್ನು ಅವರು ತಳ್ಳುತ್ತಲೇ ಇದ್ದಾರೆ.

ಪೈಜಾಮದಲ್ಲೇ ಹಾಝಿಮ್ ಇಳಿದು ಬರುತ್ತಾರೆ. ರಿಮೋಟ್ ಮೇಲೆಯೇ ಉಳಿದಿದೆ. ಅಲಾರಂ ಮೀರಿಸಿ ಅರಚಬೇಕಾಗಿದೆ.

"ಹೇಳಿರ್ಲಿಲ್ವಾ ನಿನಗೆ?"

"ಹೇಳಿದ್ರಿ ಬಾಷಾ." ಸಾಹೇಬರೆನ್ನಲು ಮೆತ್ವಲ್ಲಿ ಬಳಸುವ ಮಾತದು.

"ಮತ್ತೆ?"

"ಹಾಜಿಯಮ್ಮಂಗೆ ಹೊತ್ತಾಯ್ತು ಬಾಷಾ. ಫೋನ್ ಮಾಡ್ದೆ. ಸ್ವಿಚ್ ಆಫ್ ಇತ್ತು."

ಫಿಯಟ್‌ನ ಕಿಟಕಿಯಿಂದ ಇನ್ಸಾಫ್ ಕೈ ಹೊರಗೆ ಚಾಚುತ್ತಾರೆ. "ಮಗನೇ, ನಿನ್ನ ಕಾರನ್ನ ನಾನು ಕದ್ದು ಎಲ್ಲಿಗೆ ಓಡ್ಲಿ? ಈ ಕಾಲು ನೋಡು!"

ಆಗ ನಾಲ್ಕನೇ ಮಹಡಿಯಿಂದ ಬುಟ್ಟಿಯೊಂದು ಹಗ್ಗದಲ್ಲಿ ತೂಗಾಡುತ್ತ ಇಳಿಯುತ್ತದೆ. ಒಳಗೆ ರಿಮೋಟ್. "ಮೊದ್ಲು ಆ ದರಿದ್ರದ ಬಾಯಿ ಮುಚ್ಚಿಸಿ," ಮೇಲಿನಿಂದ ಹಾಝಿಮ್ ಅವರ ಹೆಂಡತಿಯ ಸ್ವರ, "ಆಮೇಲೆ ಬೀದಿಯವರ ಬಾಯಿ ನೋಡ್ಕೊಳ್ಳಿ."

ಯಾರೋ ನಗುತ್ತಾರೆ. ಹಾಝಿಮ್ ಗುಂಡಿ ಒತ್ತುತ್ತಾರೆ. ಕಿವಿ ಇನ್ನೂ ಗುಂಯ್ಗುಡುತ್ತಿರುವಾಗ ಫಿಯಟ್ ಗೋಡೆ ಬಿಟ್ಟು ಹೊರಬಂದು, ತಿರುವಿನಲ್ಲಿ ಮರೆಯಾಗುತ್ತದೆ. ಅದು ಹೋದತ್ತ ಹಾಝಿಮ್ ತುಸು ಹೊತ್ತು ನೋಡುತ್ತಾರೆ. ಭಾವನಿಗೆ ಫೋನ್ ಮಾಡುತ್ತೇನೆ ಎನ್ನುವುದಿಲ್ಲ. ಮಾಡುವುದಿಲ್ಲ ಎಂದೂ ಹೇಳುವುದಿಲ್ಲ. ಮೆಟ್ಟಿಲು ಹತ್ತಿ ಹೋಗುತ್ತಾರೆ.

ಮೆತ್ವಲ್ಲಿ ಕುರ್ಚಿಗೆ ಕುಸಿಯುತ್ತಾರೆ. ಚಹಾ ಬಂದರೂ ಲೋಟ ಹಿಡಿಯಲಾಗದೆ ನೆಲದ ಮೇಲಿಡುತ್ತಾರೆ. ಗಲ್ಲಿಯ ತುದಿಯಲ್ಲಿ ಯಾವ ಗಾಡಿ ನಿಧಾನವಾದರೂ ಕತ್ತು ಅತ್ತ ತಿರುಗುತ್ತದೆ. ಏನು ಆಸೆ ಎಂದು ಕೇಳಿದರೆ, ದೊಡ್ಡದೇನಿಲ್ಲ ಎನ್ನುತ್ತಾರೆ: ಈ ಗಲ್ಲಿಯಲ್ಲೇ ಇರಬೇಕು, ಚಿಕ್ಕ ಮಗಳ ಮದುವೆಯವರೆಗಾದರೂ.

ಬುಧವಾರ ಹಾಜಿಯಮ್ಮ ಮತ್ತೆ ಹೊರಡಬೇಕು. ಬೆಳ್ಳಿ ಕಾರು ಅಡ್ಡ ನಿಂತಿದ್ದರೆ?

"ತಳ್ತೀನಿ," ಎನ್ನುತ್ತಾರೆ ಮೆತ್ವಲ್ಲಿ, ಬೀದಿಯ ತುದಿಯಿಂದ ಕಣ್ಣು ಕೀಳದೆ. "ಹೆದರ್ಕೊಂಡೇ ತಳ್ತೀನಿ. ಕೈ ನಡುಗಿದ್ರೂ ಗಾಡಿ ಮುಂದೆ ಹೋಗತ್ತಲ್ಲ."