ಕೌದಿ ಹೊದ್ದ ಫ್ರಿಜ್ಜಿನ ಅಳತೆ

"ಫ್ರಿಜ್ ಎಲ್ಲಿ ಮುಚ್ಚಬೇಕ್ರಿ ಮೇಡಂ?"

ಶಹಾಬಜಾರದ ಬಡಗಿ ಉಸ್ತಾದರು ಹೀಗೆ ಕೇಳಿದಾಗ ನಾನು ಕಕ್ಕಾಬಿಕ್ಕಿಯಾದೆ. ಫ್ರಿಜ್ಜನ್ನು ಮುಚ್ಚಿಡುವುದೆಂದರೇನು? ಕಮಲಾಪುರದ ನಮ್ಮ ಮನೆಯಲ್ಲಿ ಅದು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ ನಿಂತಿದೆ. ಬಂದವರು ಮೊದಲು ಅದನ್ನು ನೋಡುತ್ತಾರೆ, ಅನಂತರ ನಮ್ಮನ್ನು.

ನೌಕರಿಗಾಗಿ ಕಲಬುರಗಿಗೆ ಬಂದು, ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ ತಿಳಿಯಿತು: ಇಲ್ಲಿಯ ಅಡುಗೆಮನೆಗಳಲ್ಲಿ ಪಾತ್ರೆ ಕಾಣುವುದಿಲ್ಲ, ಡಬ್ಬಿ ಕಾಣುವುದಿಲ್ಲ. ಫ್ರಿಜ್ಜಿನ ಸುತ್ತಲೂ ಬಾಗಿಲುಳ್ಳ ಕಪಾಟು. ಉಳಿದ ಸಂದಿಗೆ 'ಫಿಲ್ಲರ್' ಎಂಬ ಕಿರುಹಲಗೆ. ನಮ್ಮಲ್ಲಿ ಸಂದಿಯೆಂದರೆ ಮೊರ, ಮಡಚಿದ ಚೀಲ ಇಡುವ ಜಾಗ. ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ ಆದ್ದರಿಂದಲೋ ಏನೋ, ನಗರದ ಮನೆ ನಗರದಂತೆಯೇ ಇರಬೇಕೆಂಬ ಆತಂಕ ನನಗೆ ತುಸು ಹೆಚ್ಚು. ಕಪಾಟಿಗೆ ಒಪ್ಪಿದೆ. ಆದರೆ ಪಡಸಾಲೆಯ ಫ್ರಿಜ್ಜಿಗೆ ಮಗಳು ನಾಚುತ್ತಾಳೆಂದು ಅವ್ವ ನೊಂದುಕೊಂಡರೆ?

ಈ ಹೊಸ ಫ್ರಿಜ್ಜಿಗೂ ಅವಳು ಹಳೆಯ ಸೀರೆಗಳಿಂದ ಕೌದಿಯಂಥ ದಪ್ಪ ಹೊದಿಕೆ ಹೊಲಿದು ಕಳಿಸಿದ್ದಳು. ತೆಗೆಯಲು ಮನಸ್ಸಾಗದೆ ಅದರ ಮೇಲೆಯೇ ಅಳತೆ ಹಿಡಿದು ಕೊಟ್ಟೆ. ಕಪಾಟು ಬಂದು ಕೂತಿತು. ಹೊದಿಕೆ ಕಪಾಟಿನ ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆಂದು ತೆಗೆದರೆ, ಎರಡೂ ಬದಿಗೆ ಕೈ ತೂರುವಷ್ಟು ಸಂದಿ!

"ಸ್ವೆಟರ್ ಹಾಕ್ಕೊಂಡು ಶೇರ್ವಾನಿ ಅಳತಿ ಕೊಟ್ಟಂಗ ಆತ್ರಿ ಮೇಡಂ," ಎಂದು ಉಸ್ತಾದರು ನಕ್ಕರು. "ಫಿಕರ್ ಮಾಡಬ್ಯಾಡ್ರಿ. ಫಿಲ್ಲರ್ ಅಗಲ ಮಾಡಿ ಕೂಡಸ್ತೀನಿ."

ಅವರು ಹಲಗೆ ಕೂಡಿಸಿ ಮುಗಿಸುವಷ್ಟರಲ್ಲಿ ಅವ್ವ ಊರಿನ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಒಳಬಂದಳು.

"ಅಯ್ಯ, ಫ್ರಿಜ್ ಎಲ್ಲಿ ಅದ?"

"ಗ್ವಾಡ್ಯಾಗ ಅದ್ರಿ ಅಮ್ಮಾ," ಎಂದರು ಉಸ್ತಾದರು.

"ಅದಕ್ಕ ಗಾಳಿ ಬ್ಯಾಡೇನಪಾ? ನಮ್ಮ ಬಿಸಲಾಗ ನೀನೇ ಹಂಗ ನಿಂತು ನೋಡು!"

"ಹಿಂದ, ಮ್ಯಾಲ ಜಾಗ ಬಿಟ್ಟೀನ್ರಿ. ನಿಮ್ಮ ಮಗಳಿಗಿಂತ ಆರಾಮ ಇರ್ತದ."

ನನಗೆ ನಗು ಬರಲಿಲ್ಲ. ಅವ್ವನ ಮುಖವನ್ನೇ ನೋಡುತ್ತಿದ್ದೆ. ಅವಳು ಫಿಲ್ಲರಿನ ಮೇಲೆ ಅಂಗೈ ಸವರಿದಳು, ಅಂಚಿನಲ್ಲಿ ಉಗುರು ತೂರಿಸಲು ನೋಡಿದಳು.

"ಜಿರಳಿನೂ ಹೋಗಲ್ಲ, ಕಸಾನೂ ಹೋಗಲ್ಲ. ಛಲೋ ಮಾಡಿಯಪಾ. ಕಮಲಾಪುರಕ್ಕ ಬರ್ತಿಯೇನು? ನಮ್ಮ ಫ್ರಿಜ್ಜೂ ಅಡಗಿಮನಿಗಿ ಸರಸಿ ಹಿಂಗೇ ಮಾಡು."

"ಬ್ಯಾಡವ್ವ! ಅದು ಅಲ್ಲೇ ಇರಲಿ." ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಯಾಕ? ನೀ ಹೊಸಾದು ಮಾಡ್ಕೋತಿ. ನೀ ಬಂದಾಗ ನೋಡ್ಲಿಕ್ಕಂತ ನಾ ಹಳೇದು ಕಾಯ್ಕೋತ ಕೂಡಬೇಕೇನು?"

ಉಸ್ತಾದರು ತಲೆ ತಗ್ಗಿಸಿಕೊಂಡು ನಗುತ್ತಿದ್ದರು.

ಸಂಜೆ, ಕಮಲಾಪುರದ ಪಡಸಾಲೆಯಲ್ಲಿ ಖಾಲಿಯಾಗಲಿರುವ ಜಾಗಕ್ಕೊಂದು ಸೋಫಾ ನೋಡಲು ಅವ್ವ ನನ್ನನ್ನು ಜಗತ್ ವೃತ್ತದ ಫರ್ನಿಚರ್ ಅಂಗಡಿಗಳ ಕಡೆಗೆ ಹೊರಡಿಸಿದಳು. ಒಂದೊಂದರ ಮೇಲೂ ಕೂತು, "ಹ್ಯಾಂಗದ?" ಎಂದು ಸಂಭ್ರಮದಿಂದ ಕೇಳಿದಳು. ಎಲ್ಲವೂ ಚೆನ್ನಾಗಿಯೇ ಇದ್ದವು. ಒಂದನ್ನೂ ನಾನು ಚೆನ್ನಾಗಿದೆ ಎನ್ನಲಿಲ್ಲ.